ಕೊನೇ ಬೆಂಚಿನವರೆಗೆ ಸಮಾಧಾನ

ನಮ್ಮ ಸಭೆಯಲ್ಲಿ ಸಮಾಧಾನ ತೆಗೆದುಕೊಂಡು ಹೋಗುವ ಕೆಲಸ ನನ್ನದು. ಹೀಗೆ ಹೇಳಿದರೆ ಹೊರಗಿನವರಿಗೆ ಅರ್ಥ ಆಗಲಿಕ್ಕಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ಹಳೇ ಮೈಸೂರು ಕಡೆಯ ಸಣ್ಣ ಊರಿನ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಕ್ರೈಸ್ತ ಸಭೆ. ಹೆಂಚಿನ ದೇವಾಲಯ, ಎರಡೂ ಕಡೆ ಉದ್ದುದ್ದ ಮರದ ಬೆಂಚುಗಳು, ನಡುವೆ ಓಡಾಡೋಕೆ ದಾರಿ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕೊನೇ ಊಟವನ್ನು ನೆನೆಯುವ ಆರಾಧನೆ. ರೊಟ್ಟಿ, ದ್ರಾಕ್ಷಾರಸ ಮೇಜಿಗೆ ಬರುವ ಮೊದಲು ಸಭಾಪಾಲಕರು, ನಾವು ಅಯ್ಯನವರು ಅನ್ನುವವರು, ಮುಂದೆ ನಿಂತ ಇಬ್ಬರ ಕೈ ಹಿಡಿದು, ದೇವರ ಸಮಾಧಾನ ನಿಮಗಿರಲಿ ಅನ್ನುತ್ತಾರೆ. ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಬೇಕು. ಆಮೇಲೆ ಇಬ್ಬರೂ ತಮ್ಮ ಎಡಗೈಯನ್ನು ಎದುರಿನವರ ಬಲಗೈ ಮೇಲೆ ಮುಚ್ಚಬೇಕು. ನಾಲ್ಕು ಕೈ ಸೇರಿ ಒಂದು ಗಂಟು ಆದ ಹಾಗೆ. ಆ ಇಬ್ಬರಲ್ಲಿ ಒಬ್ಬರು ಬಲಗಡೆ ಬೆಂಚುಗಳ ಉದ್ದಕ್ಕೂ ನಡೆದು, ಪ್ರತಿ ಬೆಂಚಿನ ತುದಿಯಲ್ಲಿ ಕೂತವರಿಗೆ ಅದನ್ನು ಕೊಡುತ್ತಾ ಹೋಗುತ್ತಾರೆ. ಇನ್ನೊಬ್ಬರು ಎಡಗಡೆ. ತುದಿಯವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ. ಬಲಗಡೆಯದು ನನ್ನದು.

ಇದು ಯಾರೋ ಸುಮ್ನೆ ಸೇರಿಸಿದ ಪದ್ಧತಿ ಅಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಮತ್ತೆ ಸೌತ್ ಇಂಡಿಯಾ ಯುನೈಟೆಡ್ ಚರ್ಚಿನವರು ಕೂಡಿ ಸಿ.ಎಸ್.ಐ. ಆಯಿತು. ಬೇರೆ ಬೇರೆ ಮಿಷನ್ನುಗಳಲ್ಲಿ ಬೆಳೆದು ಬಂದವರು, ಒಬ್ಬರ ಆರಾಧನೆ ಇನ್ನೊಬ್ಬರಿಗೆ ಒಗ್ಗದವರು, ಒಂದೇ ಮೇಜಿನ ಸುತ್ತ ಕೂರಬೇಕಿತ್ತು. 1950ರಲ್ಲಿ ಬಂದ ಆರಾಧನಾ ಕ್ರಮದಲ್ಲಿ ಅವರು ಈ ಕೈಯಿಂದ ಕೈಗೆ ಹೋಗುವ ಸಮಾಧಾನವನ್ನು ಸೇರಿಸಿಕೊಂಡರು. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಅದು ಮೊದಲಿಂದ ಉಳಿದುಕೊಂಡಿತ್ತು. ಬಾಯಲ್ಲಿ ನಾವೆಲ್ಲ ಒಂದು ಅಂದರೆ ಸಾಲದು, ಮುಟ್ಟಬೇಕು ಅಂತ ಅವರಿಗೆ ಅನ್ನಿಸಿರಬೇಕು. ಕೋವಿಡ್ ಬಂದ ಮೇಲೆ ನಾವೂ ಒಂದಷ್ಟು ಕಾಲ ಕೂತಲ್ಲಿಂದಲೇ ಕೈ ಮುಗಿದೆವು. ಮತ್ತೆ ಕೈ ಹಿಡಿದ ಮೊದಲ ಭಾನುವಾರ ತುಂಬಾ ಜನರ ಕಣ್ಣಲ್ಲಿ ನೀರಿತ್ತು.

ಆದರೆ ನಮ್ಮಲ್ಲಿ ಒಂದು ತಪ್ಪು ನಡೀತಾ ಇತ್ತು. ಸಮಾಧಾನ ಅರ್ಧ ದಾರಿ ಹೋಗುವಷ್ಟರಲ್ಲಿ ಹಾರ್ಮೋನಿಯಂ ಶುರುವಾಗುತ್ತಿತ್ತು. ಕಾಣಿಕೆಯ ಹಾಡು. ಹಾಡು ಶುರುವಾದರೆ ಎಲ್ಲರೂ ಎದ್ದು ನಿಂತು ಪುಸ್ತಕ ತೆಗೆಯುತ್ತಾರೆ, ಆಗ ಕೈ ಹಿಡಿಯೋದು ಮುಜುಗರ. ಹಾಗಾಗಿ ನಾವಿಬ್ಬರೂ ಹಿಂದಿನ ಎರಡು ಮೂರು ಬೆಂಚು ಬಿಟ್ಟು ವಾಪಸ್ ಬರುತ್ತಿದ್ದೆವು. ಎಷ್ಟು ವರ್ಷದಿಂದ ಅಂತ ಲೆಕ್ಕ ಇಟ್ಟವರಿಲ್ಲ.

ಎಡಗಡೆಯ ಕೊನೇ ಬೆಂಚಿನಲ್ಲಿ, ಬಾಗಿಲ ಪಕ್ಕ, ಆಯಮ್ಮ ಕೂರುತ್ತಿದ್ದರು. ಹಿಂದೆ ಮಿಷನ್ ಹಾಸ್ಟೆಲಿನಲ್ಲಿ ಆಯಾ ಆಗಿದ್ದವರು, ನನ್ನ ಅಣ್ಣನ ತಲೆಗೆ ಹೇನಿನ ಬಾಚಣಿಗೆ ಹಾಕಿದವರು. ಊರಿಗೆಲ್ಲ ಆಯಮ್ಮ. ಮಂಡಿ ನೋವು, ಹಾಗಾಗಿ ಮೆಟ್ಟಿಲಿಗೆ ಹತ್ತಿರ ಇರಲಿ ಅಂತ ಆ ಜಾಗ. ಹೂವಿನ ಬಟ್ಟೆಯ ಹೊದಿಕೆ ಹೊಲಿದ ಹಾಡಿನ ಪುಸ್ತಕ ಒಂದಿತ್ತು, ಅದನ್ನು ಮನೆಗೆ ಒಯ್ಯದೆ ಬೆಂಚಿನ ಮೇಲೇ ಬಿಟ್ಟು ಹೋಗುತ್ತಿದ್ದರು. ಅಲ್ಲಿ ಇನ್ಯಾರೂ ಕೂರುತ್ತಿರಲಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಹೇಳೋಕೆ ಕಷ್ಟ ಆಗುತ್ತಿದೆ, ಆದರೂ ಹೇಳದೆ ಇದನ್ನು ಬರೆದು ಪ್ರಯೋಜನ ಇಲ್ಲ.

ಎಡಗಡೆ ಸಮಾಧಾನ ಒಯ್ಯುವವರು ನಮ್ಮ ಸಭೆಯ ಖಜಾಂಚಿ. ಅವರಿಗೂ ನನಗೂ ಒಂದು ವರ್ಷದಿಂದ ಮಾತಿರಲಿಲ್ಲ. ಸಮಾಧಿ ಜಾಗದ ಕಾಂಪೌಂಡ್ ಕೆಲಸ ಯಾರಿಗೆ ಕೊಡಬೇಕು ಅನ್ನೋದರಿಂದ ಶುರುವಾದದ್ದು. ಕಮಿಟಿಯಲ್ಲಿ ಮಾತಿಗೆ ಮಾತು ಬೆಳೆಯಿತು, ಅವರ ಅಪ್ಪನ ಹೆಸರು ಎಳೆದು ನಾನು ಒಂದು ಮಾತು ಅಂದೆ, ಅವರು ಎದ್ದು ಹೋದರು. ಆಮೇಲೂ ಪ್ರತಿ ತಿಂಗಳು ಇಬ್ಬರೂ ಅಕ್ಕಪಕ್ಕ ನಿಂತು ಅಯ್ಯನವರ ಕೈಯಿಂದ ಸಮಾಧಾನ ತಗೊಂಡಿದ್ದೇವೆ. ಅವರು ಎಡಕ್ಕೆ, ನಾನು ಬಲಕ್ಕೆ. ನಮ್ಮಿಬ್ಬರ ಕೈ ತಾಗುವ ಅಗತ್ಯವೇ ಇರಲಿಲ್ಲ. ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಸಂಗಡ ಒಂದಾಗು ಅಂತ ಯೇಸು ಹೇಳಿದ್ದು ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿದೆ. ಸಂಡೇ ಸ್ಕೂಲಿನ ಮಕ್ಕಳಿಗೆ ಅದನ್ನು ನಾನೇ ಪಾಠ ಮಾಡಿದ್ದೆ.

ಆಗಸ್ಟ್ ಮೊದಲ ಭಾನುವಾರ ಹಿಂದೆ ತಿರುಗುವಾಗ ಎಡಗಡೆಯ ಕೊನೇ ಬೆಂಚು ಕಣ್ಣಿಗೆ ಬಿತ್ತು. ಹೂವಿನ ಬಟ್ಟೆಯ ಪುಸ್ತಕ ಇತ್ತು, ಆಯಮ್ಮ ಇರಲಿಲ್ಲ. ಪುಸ್ತಕದ ಮೇಲೆ ಧೂಳು ಕೂತಿತ್ತು. ಅಂದರೆ ಒಂದು ವಾರದ ಮಾತಲ್ಲ. ನನಗೆ ಅದು ಗೊತ್ತಾಯಿತು. ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಬಂದ ಮಾತು ಏನು ಗೊತ್ತಾ? ಅದು ಅವರ ಕಡೆ ಬೆಂಚು, ಅವರೇ ನೋಡಿಕೊಳ್ಳಲಿ.

ನೋಡಲಿಲ್ಲ ಅಂದರೆ ಒಂದು ಥರ. ನಾನು ನೋಡಿದ್ದೆ.

ಸೆಪ್ಟೆಂಬರಿನಲ್ಲಿ ಪಾಸ್ಟರೇಟ್ ಕಮಿಟಿ, ಅಂದರೆ ಸಭೆಯ ಆಡಳಿತ ನೋಡುವ ಕಮಿಟಿ, ಸೇರಿತು. ಸರ್ವ ಸದಸ್ಯರ ಸಭೆ ಹತ್ತಿರ ಬರುತ್ತಿತ್ತು, ಚಂದಾ ಬಾಕಿ ಇರುವವರಿಗೆ ಮತ ಇರುವುದಿಲ್ಲ. ಖಜಾಂಚಿ ಬಾಕಿದಾರರ ಪಟ್ಟಿ ಓದಿದರು. ಅದರಲ್ಲಿ ಒಂದು ಹೆಸರು ಬಂತು, ಮೂರು ತಿಂಗಳು ಬಾಕಿ. ಯಾರದು ಇದು ಅಂತ ಇಬ್ಬರು ಮೂವರು ಕೇಳಿದರು. ಆಯಮ್ಮನ ಹೆಸರು ಅದು. ಇಪ್ಪತ್ತಾರು ವರ್ಷ ಒಂದೇ ಸೂರಿನ ಕೆಳಗೆ ಆರಾಧನೆ ಮಾಡಿದ ಮೇಲೆ ಅವರ ಹೆಸರು ನನಗೆ ಗೊತ್ತಾದದ್ದು ಬಾಕಿ ಪಟ್ಟಿಯಿಂದ. ಮನುಷ್ಯರಿಗಿಂತ ಮೊದಲು ಲೆಕ್ಕದ ಪುಸ್ತಕಕ್ಕೆ ಅವರು ಇಲ್ಲದ್ದು ಗೊತ್ತಾಗಿತ್ತು.

ನಾನು ಹೋಗಿ ಕೇಳಿಕೊಂಡು ಬರ್ತೀನಿ ಅಂದೆ. ಪ್ರೀತಿಯಿಂದ ಅಂದದ್ದಲ್ಲ. ಖಜಾಂಚಿ ತಮ್ಮ ಕೆಲಸ ಮಾಡಿಲ್ಲ ಅಂತ ಕಮಿಟಿಗೆ ತೋರಿಸಬೇಕಿತ್ತು.

ಮಾರನೇ ದಿನ ಸಂಜೆ ಹೋದೆ. ವಠಾರದ ಕೊನೇ ಮನೆ, ಒಂದು ಕೋಣೆ, ಅದರಲ್ಲೇ ಅಡುಗೆ. ಬಾಗಿಲು ತೆಗೆದ ಆಯಮ್ಮ ಎಡಗೈಯಲ್ಲಿ ಸೆರಗು ಸರಿ ಮಾಡಿಕೊಂಡರು. ಬಲಗೈ ಮಣಿಕಟ್ಟು ಒಂದು ಕಡೆ ಉಬ್ಬಿ ಸೊಟ್ಟಗಿತ್ತು. ಜೂನ್ ಕೊನೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಪಕ್ಕದ ಮನೆಯವರು, ಊದುಬತ್ತಿ ಹೊಸೆಯುವ ಒಬ್ಬ ಮುಸ್ಲಿಂ ತಾಯಿ, ಸದ್ದು ಕೇಳಿ ಬಂದು ಎತ್ತಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಆರು ವಾರ ಕೈಗೆ ಪ್ಲಾಸ್ಟರ್ ಕಟ್ಟು. ಅಷ್ಟು ದಿನವೂ ಬೆಳಿಗ್ಗೆ ರಾತ್ರಿ ಊಟ ಆ ಮನೆಯಿಂದಲೇ. ಆ ತಾಯಿ ಮಾಂಸ ಮಾಡಿದ ದಿನ ಇವರಿಗೆ ಕರಗೋದಿಲ್ಲ ಅಂತ ಬೇರೆ ತಿಳಿಸಾರು ಮಾಡಿ ಕೊಡುತ್ತಿದ್ದರಂತೆ.

"ಫೋನ್ ಮಾಡಬಾರದಿತ್ತಾ ಅಮ್ಮಾ, ಯಾರಿಗಾದರೂ?" ಅಂದೆ.

"ಯಾರಿಗೆ ಅಂತ ಮಾಡ್ಲಿ ಮಗ?"

ಅವರು ಕೋಪದಲ್ಲಿ ಹೇಳಲಿಲ್ಲ, ನಿಜವಾಗಿಯೂ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ನಂಬರ್ ಅವರ ಹತ್ತಿರ ಇರಲಿಲ್ಲ, ಅವರದ್ದು ನನ್ನ ಹತ್ತಿರ ಇರಲಿಲ್ಲ.

ಹೊರಡೋಕೆ ಎದ್ದೆ. ಕಾಫಿ ಇಡ್ತೀನಿ ಅಂದರು. ಬೇಡಮ್ಮ, ಲೇಟಾಯ್ತು ಅಂದೆ. ಅವರು ಒಂದು ನಿಮಿಷ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು, "ನಮ್ಮ ಮನೇಲಿ ಕುಡೀತೀಯಲ್ವಾ?"

ನಮ್ಮ ಊರು ಸಣ್ಣದು. ಯಾರ ಹಿರಿಯರು ಯಾವ ಕೇರಿಯಿಂದ ಬಂದು ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದರು ಅನ್ನೋದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುತ್ತೇವೆ. ಆದರೆ ಯಾರ ಮನೆಯಲ್ಲಿ ಕಾಫಿ ಕುಡಿದು ಬರುತ್ತೇವೆ, ಯಾರ ಮನೆಯಲ್ಲಿ ಈಗಷ್ಟೇ ಆಯ್ತು ಅಂತ ಎದ್ದು ಬರುತ್ತೇವೆ ಅನ್ನೋದನ್ನು ಬಡವರು ಮರೆಯುವುದಿಲ್ಲ. ನನಗೆ ನಿಜವಾಗಿಯೂ ತಡವಾಗಿತ್ತು. ಆದರೆ ಆಯಮ್ಮ ಆ ಪ್ರಶ್ನೆಯನ್ನು ನನ್ನಿಂದ ಕಲಿತದ್ದಲ್ಲ, ಜೀವನಪೂರ್ತಿ ಕಲಿತದ್ದು.

ಕೂತೆ.

"ಸಮಾಧಾನವಾಗಿ ಕೂತ್ಕೊ. ಹಾಲು ಕಾಯೋಕೆ ಹೊತ್ತು ಬೇಕಲ್ಲ," ಅಂದರು.

ಆ ಪದ ಕಿವಿಗೆ ಬಿತ್ತು. ಸಭೆಯಲ್ಲಿ ನಾನು ಕೈಯಲ್ಲಿ ಒಯ್ಯುವ ಸಮಾಧಾನ ಒಂದು. ಸತ್ತ ಮನೆಗೆ ಹೋಗಿ ಹೇಳುವ ಸಮಾಧಾನ ಒಂದು. ಮತ್ತೆ ಇದು, ಅವಸರ ಬಿಟ್ಟು ಕೂರುವುದು. ಕನ್ನಡದಲ್ಲಿ ಮೂರಕ್ಕೂ ಒಂದೇ ಪದ ಯಾಕಿದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅವಸರದಲ್ಲಿ ಹಂಚಿದ್ದಕ್ಕೇ ಅದು ಕೊನೇ ಬೆಂಚಿಗೆ ತಲುಪಲಿಲ್ಲ ಅಂತ ಆ ಕೋಣೆಯಲ್ಲಿ ಕೂತಾಗ ಗೊತ್ತಾಯಿತು.

ಒಂದೇ ಕೈಯಲ್ಲಿ ಕಾಫಿ ಮಾಡೋದು ನೋಡಿದ್ದೀರಾ? ಸಕ್ಕರೆ ಡಬ್ಬವನ್ನು ಹೊಟ್ಟೆಗೆ ಒತ್ತಿ ಹಿಡಿದು ಎಡಗೈಯಲ್ಲಿ ಮುಚ್ಚಳ ತಿರುಗಿಸಿದರು. ನಾನು ಎದ್ದೆ, ಬೇಡ ಅಂತ ಕಣ್ಣಲ್ಲೇ ಕೂರಿಸಿದರು. ಕಾಫಿ ಕೊಟ್ಟ ಮೇಲೆ ಮೇಲಿನ ಹಲಗೆಯಿಂದ ಒಂದು ಬಿಸ್ಕತ್ ಡಬ್ಬ ಇಳಿಸಿದರು. ಒಳಗೆ ಮೂರು ಚಂದಾ ಕವರು. ಸಭೆಯವರೇ ಕೊಡುವ ಕವರು, ತಿಂಗಳ ಹೆಸರು ನಾವೇ ಬರೆಯಬೇಕು. ಒಂದರ ಮೇಲೆ 'ಜುಲೈ' ಅಂತ ಬರೆದಿತ್ತು. ಎಡಗೈಯಲ್ಲಿ ಬರೆದದ್ದು. ಜು ಒಂದು ಕಡೆ, ಲೈ ಒಂದು ಕಡೆ, ಆಗ ತಾನೇ ಬರೆಯಲು ಕಲಿತ ಮಗುವಿನ ಅಕ್ಷರದ ಹಾಗೆ. 'ಆಗಸ್ಟ್' ಸ್ವಲ್ಪ ಪರವಾಗಿಲ್ಲ. 'ಸೆಪ್ಟೆಂಬರ್' ಗೆರೆ ದಾಟಿ ಕವರಿನ ಅಂಚಿಗೆ ಹೋಗಿತ್ತು. ಒಂದೊಂದರಲ್ಲಿ ಐವತ್ತು ರೂಪಾಯಿ.

"ಯಾರಾದ್ರೂ ಬಂದ್ರೆ ಕೊಟ್ಟು ಕಳಿಸೋಣ ಅಂತ ಇಟ್ಟಿದ್ದೆ," ಅಂದರು.

ಬೇಡ ಅನ್ನೋಣ ಅನ್ನಿಸಿತು. ಆದರೆ ಅದು ಅವರ ಕಾಣಿಕೆ, ಬೇಡ ಅನ್ನೋಕೆ ನಾನ್ಯಾರು? ತಗೊಂಡೆ. ಕೇಳಬೇಕು ಅಂತ ಹೋದ ಬಾಕಿಯ ಮಾತು ನನ್ನ ಬಾಯಿಂದ ಬರಲೇ ಇಲ್ಲ. ಅಷ್ಟೂ ಹನ್ನೊಂದು ಭಾನುವಾರ ಬಾಕಿ ಇಟ್ಟುಕೊಂಡವರು ನಾವು.

ಅಲ್ಲಿಂದ ಮನೆಗೆ ಹೋಗಲಿಲ್ಲ. ಗಾಡಿ ತಾನಾಗಿ ಖಜಾಂಚಿ ಮನೆ ಕಡೆ ತಿರುಗಿತು. ಅವರ ಹೆಂಡತಿ ಬಾಗಿಲು ತೆಗೆದು, ನನ್ನನ್ನು ನೋಡಿ, ಏನೂ ಮಾತಾಡದೆ ಒಳಗೆ ಹೋಗಿ ಅವರನ್ನು ಕಳಿಸಿದರು. ಮೂರು ಕವರನ್ನು ಅವರ ಕೈಗಿಟ್ಟೆ. ಅವರು ಕನ್ನಡಕ ಹಾಕಿಕೊಂಡು 'ಜುಲೈ' ಅನ್ನೋದನ್ನು ತುಂಬಾ ಹೊತ್ತು ನೋಡಿದರು. ನಾನು ಎಲ್ಲ ಹೇಳಿದೆ.

"ಅದು ನನ್ನ ಕಡೆ ಬೆಂಚು," ಅಂದರು.

"ನಾನು ಆಗಸ್ಟಲ್ಲೇ ನೋಡಿದ್ದೆ ಅಣ್ಣಾ," ಅಂದೆ.

ಅವರು ಬೈಯಬಹುದಿತ್ತು. ಬೈಯಲಿಲ್ಲ. ಕಾಂಪೌಂಡ್ ವಿಷಯ ಇಬ್ಬರೂ ಎತ್ತಲಿಲ್ಲ. ಅವರ ಅಪ್ಪನ ಬಗ್ಗೆ ನಾನು ಅಂದ ಮಾತಿಗೆ ಕ್ಷಮೆ ಕೇಳಿದೆ. ಅವರು ಅದಕ್ಕೆ ಏನೂ ಹೇಳದೆ, "ಬಾ, ಊಟಕ್ಕೆ ಕೂತ್ಕೊ," ಅಂದರು. ಎಲ್ಲ ಸರಿ ಹೋಯಿತು ಅಂತ ಹೇಳಲಾರೆ. ಈಗಲೂ ಕೆಲವು ಸಲ ಇಬ್ಬರ ಮಧ್ಯೆ ಮಾತು ಬಿಗಿಯಾಗುತ್ತದೆ. ಆದರೆ ಅವತ್ತು ಅವರ ಮನೆಯಲ್ಲಿ ಊಟ ಮಾಡಿ ಬಂದೆ.

ಮುಂದಿನ ಭಾನುವಾರ ನಾವು ಇನ್ನೊಂದು ತಪ್ಪು ಮಾಡಿದೆವು. ಇದು ತುಂಬಾ ಸಭೆಗಳಲ್ಲಿ ಆಗುವುದರಿಂದ ಹೇಳುತ್ತೇನೆ. ಪ್ರಕಟಣೆಯಲ್ಲಿ ಆಯಮ್ಮನ ಹೆಸರು ಬಂತು, ವಿಶೇಷ ಪ್ರಾರ್ಥನೆ ಆಯಿತು. ಆರಾಧನೆ ಮುಗಿದ ಕೂಡಲೇ ಹದಿನಾಲ್ಕು ಜನ ಅವರ ಮನೆಗೆ ಹೊರಟೆವು. ಬ್ರೆಡ್ಡು, ಹಾರ್ಲಿಕ್ಸ್, ಸೇಬು. ಒಂದೇ ಕೋಣೆ, ಕೂರಿಸೋಕೆ ಜಾಗ ಇಲ್ಲ, ಕೊಡೋಕೆ ಲೋಟ ಇಲ್ಲ. ಆಯಮ್ಮ ಮುಖ ಸಣ್ಣದಾಗಿ ಗೋಡೆಗೆ ಒರಗಿ ನಿಂತಿದ್ದರು. ಹಾಡು ಹಾಡಿದೆವು, ಪ್ರಾರ್ಥನೆ ಮಾಡಿದೆವು, ಫೋಟೋ ತೆಗೆದು ಗ್ರೂಪಿಗೆ ಹಾಕಿದೆವು. ಮುಂದಿನ ವಾರ ಯಾರೂ ಹೋಗಲಿಲ್ಲ. ಹೋಗಿಯಾಯಿತಲ್ಲ.

ಹದಿನಾಲ್ಕು ಜನರೂ ಮನಸ್ಸಿನಿಂದಲೇ ಹೋದವರು, ಅದರಲ್ಲಿ ಅನುಮಾನ ಇಲ್ಲ. ಆದರೆ ನಮ್ಮಲ್ಲಿ ಯಾರೂ ಅವರನ್ನು ಏನು ಬೇಕಮ್ಮ ಅಂತ ಕೇಳಲಿಲ್ಲ. ಕೇಳಿದವರು ಹೊಲಿಗೆ ಕೆಲಸ ಮಾಡುವ ಒಬ್ಬ ಅಕ್ಕ. ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು ಪ್ರಾರ್ಥನೆ ಮಾಡಲೂ ಸಂಕೋಚ ಪಡುವವರು. ಅವರು ಒಂದು ಮಂಗಳವಾರ ಒಬ್ಬರೇ ಹೋಗಿ ಕೇಳಿದ್ದಾರೆ. ಆಯಮ್ಮ ತುಂಬಾ ಹೊತ್ತು ಸುಮ್ನಿದ್ದು ಆಮೇಲೆ, ತಲೆ ಬಾಚೋಕೆ ಆಗ್ತಿಲ್ಲ ಅಂದರಂತೆ. ಒಂದು ಕೈಯಲ್ಲಿ ಮುಖ ತೊಳೆಯಬಹುದು, ಅನ್ನ ತಿನ್ನಬಹುದು. ತುರುಬು ಕಟ್ಟೋಕೆ ಎರಡು ಕೈ ಬೇಕು. ಹಾಗೆ ಕೆದರಿದ ತಲೆಯಲ್ಲಿ ದೇವಾಲಯಕ್ಕೆ ಹೇಗೆ ಬರಲಿ ಅಂತ ಕಟ್ಟು ಬಿಚ್ಚಿದ ಮೇಲೂ ಬಂದಿರಲಿಲ್ಲ.

ನಮಗೆ ಹೊಳೆಯದೇ ಇದ್ದದ್ದು ಅದು. ಅವತ್ತಿನಿಂದ ಪ್ರತಿ ಮಂಗಳವಾರ ಆ ಅಕ್ಕ ಹೋಗಿ ಎಣ್ಣೆ ಹಚ್ಚಿ, ಬಿಸಿನೀರು ಕಾಯಿಸಿ, ತಲೆಗೆ ನೀರು ಹಾಕಿ, ಬಾಚಿ ತುರುಬು ಕಟ್ಟಿ ಬರುತ್ತಾರೆ. ಯೇಸು ಶಿಷ್ಯರ ಕಾಲು ತೊಳೆದ ಅಧ್ಯಾಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಬಕೆಟ್ಟು, ಸೀಗೇಪುಡಿ, ಟವಲ್ ಅಂತ ಯೋಚನೆ ಹೋದದ್ದು ಇದೇ ಮೊದಲು.

ನಮ್ಮ ಮದುವೆ ಕಾರ್ಡುಗಳಲ್ಲಿ, ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ ಹದಿಮೂರನೇ ಅಧ್ಯಾಯ ಹಾಕಿಸುತ್ತೇವೆ. ಪ್ರೀತಿ ಬಹು ತಾಳ್ಮೆಯುಳ್ಳದ್ದು ಅಂತ. ಚೆಂದ ಕಾಣುತ್ತದೆ. ಆದರೆ ಪೌಲ ಅದನ್ನು ಮದುವೆಗೆ ಬರೆಯಲಿಲ್ಲ ಅಲ್ವಾ? ಎರಡು ಅಧ್ಯಾಯ ಹಿಂದೆ ಹೋಗಿ ನೋಡಿ. ಕರ್ತನ ಭೋಜನಕ್ಕೆ ಅಂತ ಸೇರಿ, ಇದ್ದವರು ತಮ್ಮದನ್ನು ತಾವು ಮೊದಲೇ ತಿಂದು ಕುಡಿದು ಅಮಲೇರಿಸಿಕೊಂಡಿದ್ದಾರೆ, ಇಲ್ಲದವರು ಹಸಿದುಕೊಂಡೇ ಇದ್ದಾರೆ. ಪಂಗಡ ಪಂಗಡವಾಗಿ ಒಡೆದು, ಕೋರ್ಟಿನವರೆಗೆ ಹೋದ ಸಭೆ ಅದು. ಅಂಥವರಿಗೆ ಬರೆದ ಅಧ್ಯಾಯ. ಪ್ರೀತಿಯ ಬಗ್ಗೆ ಹೇಳುವ ಮೊದಲ ಮಾತೇ ತಾಳ್ಮೆ. ಆಯಮ್ಮನ ಭಾಷೆಯಲ್ಲಿ, ಸಮಾಧಾನವಾಗಿ ಕೂತ್ಕೊ.

ನನಗೆ ಈಗ ಜಾಸ್ತಿ ಕಾಡುವುದು ಬೈಬಲಿನ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದ ಆರನೇ ಅಧ್ಯಾಯ. ಯೆರೂಸಲೇಮಿನ ಮೊದಲ ಸಭೆ. ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟು ಹೋಗುತ್ತಿದ್ದಾರೆ ಅಂತ ಗೊಣಗಾಟ ಶುರುವಾಯಿತು. ಬೇಕಂತಲೇ ಬಿಟ್ಟರು ಅಂತ ಅಲ್ಲಿ ಬರೆದಿಲ್ಲ. ಬಿಟ್ಟು ಹೋಯಿತು, ಅಷ್ಟೇ. ಕೊನೇ ಬೆಂಚು ಅಂದಿನಿಂದಲೂ ಇತ್ತು. ಅಪೊಸ್ತಲರು, ಅಂದರೆ ಸಭೆ ನಡೆಸುತ್ತಿದ್ದ ಯೇಸುವಿನ ಶಿಷ್ಯರು, ಗೊಣಗಿದವರನ್ನು ಬೈಯಲಿಲ್ಲ. ಏಳು ಜನರನ್ನು ಆರಿಸಿ ಅಂದರು. ಆರಿಸಿದವರ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಬಿಟ್ಟುಹೋದವರ ಕಡೆಯವರ ಕೈಗೇ ಸೌಟು ಕೊಟ್ಟರು. ಅವರಿಗೆ ಬಡಿಸಿ ಅಂತ ಇನ್ನೊಬ್ಬರಿಗೆ ಹೇಳಿದ್ದಲ್ಲ, ನೀವೇ ಎಲ್ಲರಿಗೂ ಬಡಿಸಿ ಅಂದದ್ದು.

ಇದನ್ನು ಒಂದು ಸಂಜೆ ಅಯ್ಯನವರ ಹತ್ತಿರ ಮಾತಾಡುತ್ತಿದ್ದಾಗ ಅವರು ಇನ್ನೊಂದು ವಿಷಯ ನೆನಪಿಸಿದರು. ನಮ್ಮ ಕಡೆ ಸಭೆಗಳನ್ನು ಕಟ್ಟಿದವರು ವೆಸ್ಲಿಯನ್ ಮಿಷನಿನವರು. ಅವರಲ್ಲಿ 'ಕ್ಲಾಸ್' ಅಂತ ಇತ್ತು. ಅದು ಹುಟ್ಟಿದ್ದು 1742ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ. ಮೆಥೊಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯವರು ಕಟ್ಟಿಸಿದ ಕಟ್ಟಡದ ಸಾಲ ತೀರಬೇಕಿತ್ತು. ಎಲ್ಲರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಕ್ಯಾಪ್ಟನ್ ಫಾಯ್ ಅನ್ನುವವರು ಹೇಳಿದರು. ಬಡವರಿಗೆ ಅದೂ ಆಗದು ಅಂತ ಇನ್ನೊಬ್ಬರು ಅಂದರು. ಹಾಗಾದರೆ ಹನ್ನೊಂದು ಕಡುಬಡವರನ್ನು ನನಗೆ ಕೊಡಿ, ವಾರ ವಾರ ಅವರ ಮನೆಗೆ ಹೋಗುತ್ತೇನೆ, ಅವರಿಗೆ ಆಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ ಅಂದರಂತೆ ಫಾಯ್. ಕಾಸು ಎತ್ತೋಕೆ ಅಂತ ಮನೆ ಮನೆಗೆ ಹೋದವರಿಗೆ ಒಳಗಿನ ಕುಡಿತ, ಗಂಡ ಹೆಂಡತಿ ಜಗಳ ಎಲ್ಲ ಕಣ್ಣಿಗೆ ಬಿತ್ತು. ವೆಸ್ಲಿಯವರಿಗೆ ಆಗ ಹೊಳೆಯಿತು, ಪೆನ್ನಿಗಿಂತ ಬೆಲೆಯುಳ್ಳದ್ದು ಈ ಹೋಗಿ ಬರುವುದು ಅಂತ. ಹನ್ನೆರಡು ಹನ್ನೆರಡು ಜನಕ್ಕೆ ಒಬ್ಬ ನಾಯಕ, ವಾರಕ್ಕೊಮ್ಮೆ ಒಬ್ಬೊಬ್ಬರನ್ನೂ ಕಾಣಬೇಕು.

ನಾನು ಬಾಕಿ ಕೇಳೋಕೆ ಹೋಗಿ ಆಯಮ್ಮನನ್ನು ಕಂಡೆನಲ್ಲ, ಅದಕ್ಕೆ ಈ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು.

ನಮ್ಮಲ್ಲಿ 84 ಕುಟುಂಬ ಇವೆ. ಏಳು ಜನ ಹನ್ನೆರಡು ಹನ್ನೆರಡು ಮನೆ ಹಂಚಿಕೊಂಡೆವು. ತಿಂಗಳಿಗೊಮ್ಮೆ ಮನೆಗೆ ಹೋಗಿ ಚಂದಾ ಕವರು ಕೈಯಾರೆ ತಗೊಂಡು ಬರುವುದು, ಇಷ್ಟೇ. ಕ್ಯೂಆರ್ ಕೋಡ್ ಇದೆಯಲ್ಲ, ಮನೆಗೆ ಯಾಕೆ ಬರ್ತೀರಿ ಅಂತ ಕೆಲವು ಯುವಕರು ಕೇಳಿದರು. ಅವರ ಮಾತಲ್ಲೂ ನ್ಯಾಯ ಇದೆ. ಫೋನಿನಲ್ಲಿ ಕಳಿಸಿದರೆ ದುಡ್ಡು ಬೇಗ ಬರುತ್ತದೆ, ಲೆಕ್ಕ ತಪ್ಪುವುದಿಲ್ಲ. ಆದರೆ 'ಜುಲೈ' ಅನ್ನೋ ಅಕ್ಷರ ಸೊಟ್ಟಗಾದದ್ದು ಫೋನಿನಲ್ಲಿ ಕಾಣುವುದಿಲ್ಲ.

ಅದಕ್ಕಿಂತ ದೊಡ್ಡ ಪ್ರಶ್ನೆ ಕೇಳಿದವರು ಒಬ್ಬ ಹೆಣ್ಣುಮಗಳು. ಗಂಡನಿಂದ ಬೇರೆ ಇದ್ದಾರೆ. "ನೀವು ಬನ್ನಿ, ಬೇಡ ಅನ್ನಲ್ಲ. ಆದರೆ ನಮ್ಮ ಮನೇಲಿ ಕಂಡದ್ದು ಶುಕ್ರವಾರದ ಪ್ರಾರ್ಥನಾ ಕೂಟಕ್ಕೆ ಬರಬಾರದು," ಅಂದರು. ಎಲ್ಲರೂ ಸುಮ್ನಾದೆವು. ಯಾಕೆಂದರೆ ಬಂದಿತ್ತು, ಹಿಂದೆ. ಅವರಿಗಾಗಿ ಪ್ರಾರ್ಥಿಸೋಣ ಅಂತ ಶುರುಮಾಡಿ ಅವರ ಮನೆಯ ಮಾತನ್ನೆಲ್ಲ ಹರಡಿದ್ದೆವು. ದೇವರ ಮುಂದೆ ಹೇಳುವ ನೆಪದಲ್ಲಿ ಪಕ್ಕದವರಿಗೆ ಕೇಳಲಿ ಅಂತ ಹೇಳುವುದು ನಮ್ಮ ಸಭೆಗಳ ಹಳೇ ರೋಗ. ಇದರಿಂದ ಮನೆ ಬಾಗಿಲು ಹಾಕಿಕೊಂಡವರು ಎಷ್ಟೋ ಜನ. ಪ್ರೀತಿ ಬಹು ಪಾಪಗಳನ್ನು ಮುಚ್ಚುತ್ತದೆ ಅಂತ ಯೇಸುವಿನ ಶಿಷ್ಯ ಪೇತ್ರ ಬರೆದದ್ದು ಸುಳ್ಳನ್ನು ಮುಚ್ಚಿಡಿ ಅಂತ ಅಲ್ಲ, ಒಬ್ಬರ ಮಾನವನ್ನು ಬೀದಿಗೆ ತರಬೇಡಿ ಅಂತ. ಹೊಡೆತ ಬಡಿತ ಇದ್ದರೆ, ಜೀವಕ್ಕೆ ಅಪಾಯ ಇದ್ದರೆ ಅದು ಬೇರೆ ಮಾತು, ಅಲ್ಲಿ ಸುಮ್ಮನಿರುವುದೇ ಪಾಪ. ಉಳಿದದ್ದು ಅವರಾಗಿ ಹೇಳು ಅಂದರೆ ಮಾತ್ರ ಬಾಯಿಗೆ ಬರಬೇಕು. ಏಳು ಜನ ಇದನ್ನು ಒಬ್ಬರ ಮುಂದೆ ಒಬ್ಬರು ಒಪ್ಪಿಕೊಂಡೆವು. ಇಲ್ಲಿಯವರೆಗೆ ಉಳಿಸಿಕೊಂಡಿದ್ದೇವೆ.

ಹಾಡಿನ ವಿಷಯವೂ ಸರಿಯಾಯಿತು. ಹಾರ್ಮೋನಿಯಂ ನುಡಿಸುವ ಹುಡುಗಿಗೆ ಅಯ್ಯನವರು, ನಾವಿಬ್ಬರೂ ಹಿಂದಿನ ಗೋಡೆ ಮುಟ್ಟಿ ತಿರುಗುವವರೆಗೆ ಕೈ ಇಡಬೇಡಮ್ಮ ಅಂದಿದ್ದಾರೆ. ಮೂರು ನಿಮಿಷ ಜಾಸ್ತಿ ಹಿಡಿಯುತ್ತದೆ. ಮೊದಮೊದಲು ಆ ಮೌನದಲ್ಲಿ ಜನ ಕೆಮ್ಮುತ್ತಿದ್ದರು, ಹಿಂದೆ ತಿರುಗಿ ನೋಡುತ್ತಿದ್ದರು. ಈಗ ಅಭ್ಯಾಸ ಆಗಿದೆ. ಮತ್ತೆ ನಾವಿಬ್ಬರೂ ಹೊರಡುವ ಮೊದಲು, ಅಯ್ಯನವರಿಂದ ತಗೊಂಡದ್ದನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತೇವೆ. ಇದು ಪುಸ್ತಕದಲ್ಲಿಲ್ಲ.

ಡಿಸೆಂಬರ್ ಮೊದಲ ಭಾನುವಾರ ಆಯಮ್ಮ ಬಂದರು. ಬಿಳಿ ಸೀರೆ, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು. ಹೊಲಿಗೆ ಅಕ್ಕ ಪಕ್ಕದಲ್ಲಿದ್ದರು. ಮುಂದೆ ಬನ್ನಿ ಅಂತ ಎಲ್ಲರೂ ಕರೆದರು, ಬೇಡ ಅಂತ ತಮ್ಮ ಬೆಂಚಿಗೇ ಹೋದರು. ಪುಸ್ತಕದ ಧೂಳನ್ನು ಯಾರೋ ಒರೆಸಿಟ್ಟಿದ್ದರು.

ಎಡಗಡೆ ಅವತ್ತು ನನ್ನನ್ನು ಹೋಗು ಅಂತ ಖಜಾಂಚಿಯವರೇ ಕಳಿಸಿದರು. ಕೊನೇ ಬೆಂಚಿಗೆ ಬಂದೆ. ಆಯಮ್ಮನ ಬಲಗೈ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಅಂಗೈಗೆ ಅಂಗೈ ಸರಿಯಾಗಿ ಕೂರಲಿಲ್ಲ. ಅವರ ಬೆರಳು ಎಷ್ಟು ಬಾಗಿತ್ತೋ ಅಷ್ಟೇ ನಾನೂ ಬಾಗಿಸಿ ಹಿಡಿದೆ. ಅವರು ಎಡಗೈ ಮೇಲೆ ಮುಚ್ಚಿದರು. ಬಿಸಿಯಾಗಿತ್ತು ಕೈ. ಸಮಾಧಾನ ಅಂದೆ. ಅವರು ಸಮಾಧಾನ ಅಂದರು, ಆದರೆ ಕೈ ಬಿಡಲಿಲ್ಲ. ಹತ್ತಿರಕ್ಕೆ ಎಳೆದುಕೊಂಡು ಕಿವಿಯಲ್ಲಿ ಕೇಳಿದರು.

"ಬಲಗಡೆ ಕಿಟಕಿ ಹತ್ರ ಪಾಲಿಟೆಕ್ನಿಕ್ ಹುಡುಗ ಕೂರ್ತಿದ್ನಲ್ಲ, ಕೋಲಾರದ ಕಡೆಯವನು. ನಾನು ಬೀಳೋಕೆ ಮುಂಚೆ ಒಂದು ವಾರವೂ ತಪ್ಪಿಸ್ತಿರಲಿಲ್ಲ. ಇವತ್ತು ಕಾಣ್ಲಿಲ್ಲ. ಎಲ್ಲಿ ಅವನು?"

ಬಲಗಡೆ ನನ್ನದು. ನನಗೆ ಗೊತ್ತಿರಲಿಲ್ಲ. ಅವನು ಯಾರ ಕುಟುಂಬಕ್ಕೂ ಸೇರಿದವನಲ್ಲ, ರೂಮು ಮಾಡಿಕೊಂಡು ಇರುವವನು, 84ರಲ್ಲಿ ಅವನ ಹೆಸರೇ ಇಲ್ಲ. ಕೊನೇ ಬೆಂಚಿನಿಂದ ಎಲ್ಲರ ಬೆನ್ನೂ ಕಾಣುತ್ತದೆ ಅಂತ ಅವತ್ತು ತಿಳಿಯಿತು. ಮುಂದಿನ ಕಮಿಟಿಯಲ್ಲಿ, ಯಾರು ಬಂದಿಲ್ಲ ಅಂತ ನೋಡಿ ಹೇಳುವ ಕೆಲಸವನ್ನು ಆಯಮ್ಮನಿಗೆ ಕೊಡೋಣ ಅಂತ ಖಜಾಂಚಿ ಎತ್ತಿದರು, ನಾನು ಅನುಮೋದಿಸಿದೆ. ಅವರು ಈಗ ಎಂಟನೆಯವರು.

ಆ ಭಾನುವಾರ ಸಂಜೆಯೇ ಹುಡುಗನ ರೂಮು ಹುಡುಕಿಕೊಂಡು ಹೋದೆ. ಬಸ್ ಸ್ಟ್ಯಾಂಡ್ ಹಿಂದಿನ ಕಟ್ಟಡದ ಮೂರನೇ ಮಹಡಿ. ಮೆಟ್ಟಿಲಲ್ಲಿ ಲೈಟ್ ಇರಲಿಲ್ಲ. ಒಳಗೆ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ತಟ್ಟಿದೆ. ಬಾಗಿಲು ತೆಗೆಯೋಕೆ ತುಂಬಾ ಹೊತ್ತು ತಗೊಂಡ. ನಾನು ಕಾದೆ.